ಕ್ಯಾಂಟೀನಿನ ಲಾಭ ಮರಳಿದ ಬಗೆ

ಬಳ್ಳಾರಿ ಭಾಗದ ಮಾಜಿ ಸೈನಿಕರಿಗೆ ದಿನಬಳಕೆಯ ಸಾಮಾನು ಮಾರುವ ಕ್ಯಾಂಟೀನ್ ಒಂದರ ಲೆಕ್ಕ ನನ್ನ ಕೈಗೆ ಬಂದಾಗ ಲಾಭ ಒಂಬತ್ತು ತಿಂಗಳಿಂದ ಇಳಿಯುತ್ತಲೇ ಇತ್ತು. ಆನ್‌ಲೈನ್ ಮಾರಾಟವೇ ಕಾರಣವೆಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಒಂದು ಬೆಳಿಗ್ಗೆ ಸಿರುಗುಪ್ಪದ ಕಡೆಯಿಂದ ಬಸ್ಸಿನಲ್ಲಿ ಬಂದ ಅಜ್ಜಿಯೊಬ್ಬರು, ದಿವಂಗತ ಯೋಧರ ಪತ್ನಿ, ಖಾಲಿ ಚೀಲ ಮಡಚುತ್ತಾ, "ಈ ಸಲವೂ ಚಹಾಪುಡಿ, ಸೋಪು ಇಲ್ಲವೇ ತಮ್ಮಾ?" ಎಂದರು. ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ದುಬಾರಿ ಮುಖದ ಕ್ರೀಮಿನ ಡಬ್ಬಿಗಳು ಧೂಳು ಹಿಡಿದು ಕುಳಿತಿದ್ದವು. ಒಂದನ್ನು ತಿರುಗಿಸಿ ನೋಡಿದೆ: ಅವಧಿ ಮುಗಿಯಲು ಎರಡೇ ತಿಂಗಳು. ನಮ್ಮ ಹಣ ಸಿಕ್ಕಿಹಾಕಿಕೊಂಡಿದ್ದು ಅಲ್ಲಿ.

ಇಂಥ ಕ್ಯಾಂಟೀನುಗಳಿಗೆ ಸರಕು ಪೂರೈಸುವ ಸರ್ಕಾರಿ ಇಲಾಖೆ, 1948ರಲ್ಲಿ ಆರಂಭವಾದ ಸಿಎಸ್‌ಡಿಯ (ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್) ಸರಕಿನಲ್ಲಿ ಒಂದೊಂದು ವಸ್ತುವಿನ ಮೇಲೆ ಕ್ಯಾಂಟೀನಿಗೆ ಸಿಗುವ ಲಾಭ ತೀರಾ ಕಡಿಮೆ. ಸರಕು ಬೇಗ ಖರ್ಚಾದರೆ ಮಾತ್ರ ನಾಲ್ಕು ಕಾಸು ಉಳಿಯುತ್ತದೆ. ಆರು ತಿಂಗಳ ಬಿಲ್ಲುಗಳನ್ನು ಹರಡಿಕೊಂಡು, ಯಾವುದು ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂದು ಬರೆದೆ. ಎರಡು ವಾರ ಹಿಡಿಯಿತು. ಅಲ್ಲಿಂದಾಚೆಗೆ ಇಂಡೆಂಟ್ (ಸರಕಿನ ಬೇಡಿಕೆ) ಹಾಕುವಾಗ ಅಂದಾಜು ಬಿಟ್ಟು ಆ ಪಟ್ಟಿಯನ್ನೇ ಹಿಡಿದೆ, ಕ್ರೀಮು ತರಿಸುವುದನ್ನು ನಿಲ್ಲಿಸಿದೆ. ಪಿಂಚಣಿ ಕೈಸೇರುವ ಹೊತ್ತಿಗೆ ದಿನಸಿ ಬಂದಿಳಿಯುವಂತೆ ನೋಡಿಕೊಂಡೆ. ಏನೇನು ಬಂದಿದೆ ಎಂಬ ಪಟ್ಟಿಯನ್ನು ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸತೊಡಗಿದೆವು. ಸಂಡೂರು, ಕಂಪ್ಲಿಯಿಂದ ಬರುವ ಹಿರಿಯರು ಬರಿಗೈಯಲ್ಲಿ ಮರಳುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಮೂರನೇ ತಿಂಗಳಿಂದ ಲಾಭ ಏರಿತು. ಮೊನ್ನೆ ಅಜ್ಜಿ ಚೀಲ ತುಂಬಿಸಿಕೊಂಡರು. ಆಟೊವರೆಗೆ ನಾನೇ ಹೊತ್ತುಕೊಟ್ಟೆ.