ತಿರುವಿನಲ್ಲಿ ಓದಿಸಿಕೊಳ್ಳುವ ಬೋರ್ಡ್ ಬರೆಯುವುದು ಹೇಗೆ

ತೀರ್ಥಹಳ್ಳಿ, ಆಗುಂಬೆ ಕಡೆಯ ಹೋಂಸ್ಟೇಯವರು ಬೋರ್ಡ್ ಬರೆಸಲು ಶಿವಮೊಗ್ಗಕ್ಕೆ ನನ್ನ ಹತ್ತಿರ ಬರುತ್ತಾರೆ. ಹೆಚ್ಚಿನವರದು ಒಂದೇ ಮಾತು: "ಹಸಿರು ಹಾಕಿ, ಮಲೆನಾಡು ಅಲ್ವಾ?" ಬೇಡ. ಕಾಡೂ ಹಸಿರು, ಬೋರ್ಡೂ ಹಸಿರು ಆದರೆ ಕಣ್ಣು ಬೋರ್ಡನ್ನೂ ಕಾಡಿನ ಲೆಕ್ಕಕ್ಕೇ ಸೇರಿಸಿಬಿಡುತ್ತದೆ.

ಯಾವುದು ವಸ್ತು, ಯಾವುದು ಅದರ ಹಿಂದಿನದು ಎಂದು ಮನಸ್ಸು ನೋಡಿದ ಕೂಡಲೇ ಬೇರೆ ಮಾಡುತ್ತದೆ. ಡೆನ್ಮಾರ್ಕಿನ ಮನಶ್ಶಾಸ್ತ್ರಜ್ಞ ಎಡ್ಗರ್ ರೂಬಿನ್ 1915ರಲ್ಲಿ ಇದನ್ನು ಒಂದು ಹೂದಾನಿಯ ಚಿತ್ರದಲ್ಲಿ ತೋರಿಸಿದರು. ಒಮ್ಮೆ ಹೂದಾನಿ ಕಾಣುತ್ತದೆ, ಇನ್ನೊಮ್ಮೆ ಎದುರುಬದುರು ಎರಡು ಮುಖ. ಗಿರಾಕಿಗೆ ಅಂಥ ಆಟ ಆಡಿಸಬೇಡಿ. ಹಳದಿ ತಗಡು, ಕಪ್ಪು ಅಕ್ಷರ, ಸುತ್ತ ದಪ್ಪ ಕಪ್ಪು ಅಂಚು. ಅಂಚು ಸುತ್ತಿದ ಜಾಗ ತಾನಾಗಿ ಎದ್ದು ನಿಲ್ಲುತ್ತದೆ.

ಗಂಟೆಗೆ 60 ಕಿ.ಮೀ. ವೇಗದ ಕಾರು ಎರಡು ಸೆಕೆಂಡಿನಲ್ಲಿ 33 ಮೀಟರ್ ದಾಟುತ್ತದೆ. ಓದು ಅಷ್ಟರಲ್ಲೇ ಮುಗಿಯಬೇಕು. ಹೆಸರು, ದೂರ, ಬಾಣದ ಗುರುತು, ಇಷ್ಟು ಸಾಕು. ಫೋನ್ ನಂಬರ್ ಗೇಟಿನ ಬೋರ್ಡಿಗಿರಲಿ.

ಇನ್ನು ಅಂತರ. ಬಣ್ಣಕ್ಕಿಂತ ಜಾಸ್ತಿ ಬೋರ್ಡ್ ಕೆಡುವುದು ಇಲ್ಲೇ. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲೇ ಬರೆದಿದ್ದಾರೆ: ಹತ್ತಿರ ಇರುವುದನ್ನೂ ಒಂದೇ ಥರ ಇರುವುದನ್ನೂ ಮನಸ್ಸು ಗುಂಪು ಕಟ್ಟುತ್ತದೆ. ರಸ್ತೆ ಬದಿಯ ಅಂಗಡಿಯೊಂದರ ಬೋರ್ಡಿನಲ್ಲಿ ಮೇಲೆ "ಜೇನು", ನಡುವೆ "ತುಪ್ಪ ಅಡಿಕೆ", ಕೆಳಗೆ "ಹಾಳೆ ತಟ್ಟೆ" ಅಂತ ಇತ್ತು. ತುಪ್ಪ ಅಡಿಕೆ ಯಾವ ಮಂಡಿಯಲ್ಲಿ ಸಿಗುತ್ತದೋ! ಜೊತೆಗಿರಬೇಕಾದ ಪದ ಒಂದೇ ಸಾಲಿನಲ್ಲಿರಲಿ. ಪದಗಳ ನಡುವಿನ ಅಂತರ ಅಕ್ಷರಗಳ ನಡುವಿನದಕ್ಕಿಂತ ದೊಡ್ಡದಿರಲಿ, ಆದರೆ ಸಾಲುಗಳ ಅಂತರವನ್ನು ಮೀರಬಾರದು. ಮೀರಿದರೆ ಕಣ್ಣು ಅಡ್ಡ ಓದುವ ಬದಲು ಕೆಳಕ್ಕೆ ಜಾರುತ್ತದೆ.

ಕನ್ನಡಕ್ಕೆ ಒತ್ತಕ್ಷರದ ಕಾಟ ಬೇರೆ. ಸಾಲು ಹತ್ತಿರವಾದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ಅಂಟಿ, ಅಲ್ಲಿನದೇ ಅಕ್ಷರದ ತುಂಡಿನಂತೆ ಕಾಣುತ್ತದೆ. ಕೆಲವು ಫ್ಲೆಕ್ಸ್‌ನವರು ಇಂಗ್ಲಿಷಿನ ಅಂತರವನ್ನೇ ಇದಕ್ಕೂ ಸುಮ್ನೆ ಎಳೆದುಬಿಡುತ್ತಾರೆ. ನೀವು ಅಕ್ಷರದ ಬುಡದಿಂದ ಅಳೆಯಬೇಡಿ, ಒತ್ತಿನ ತುದಿಯಿಂದ ಅಳೆಯಿರಿ. ಎಂಟಿಂಚಿನ ಅಕ್ಷರಕ್ಕೆ ಅಲ್ಲಿಂದ ನಾಲ್ಕಿಂಚು ಖಾಲಿ ಬಿಡುವುದು ನನ್ನ ರೂಢಿ. ತಗಡಿನ ಕೆಳ ಅಂಚಿನಲ್ಲೂ ಅಷ್ಟೇ ಬಿಡಿ. ಮಳೆಗಾಲದ ಪಾಚಿ ಅಲ್ಲಿಂದಲೇ ಹತ್ತುತ್ತದೆ. ದ‍ಕ್ಕೂ ಧ‍ಕ್ಕೂ, ಬ‍ಕ್ಕೂ ಭ‍ಕ್ಕೂ ಇರುವ ವ್ಯತ್ಯಾಸವೆಲ್ಲ ಕೆಳಗೇ ಅಲ್ವಾ?

ಪೇಂಟ್ ಮುಟ್ಟುವ ಮೊದಲು ಸೀಮೆಸುಣ್ಣದಲ್ಲಿ ಬರೆದು, 33 ಮೀಟರ್ ದೂರ ನಿಂತು ಕಣ್ಣು ಅರೆಮುಚ್ಚಿ. ಅಕ್ಷರ ಓದಲು ಆಗದಿದ್ದರೂ ಪರವಾಗಿಲ್ಲ. ಹೆಸರು, ದೂರ, ಬಾಣ ಮೂರೂ ಬೇರೆ ಬೇರೆ ಮುದ್ದೆಯಾಗಿ ಕಾಣಬೇಕು. ಎರಡೇ ಕಂಡರೆ ಒರೆಸಿ, ಅಂತರ ಹೆಚ್ಚಿಸಿ.

ಆಮೇಲೆ ಕಣ್ಣು ಪೂರ್ತಿ ತೆರೆದು ಓದುವ ಪರೀಕ್ಷೆ. ಇದಕ್ಕೆ ಮನೆಯವರನ್ನು ಕರೆಯಬೇಡಿ. ಹೆಸರು ಗೊತ್ತಿರುವವರ ಮನಸ್ಸು ಅರ್ಧ ಕಂಡರೂ ಉಳಿದದ್ದನ್ನು ತಾನೇ ತುಂಬಿಕೊಂಡು "ಚೆನ್ನಾಗಿ ಕಾಣ್ತದೆ ಮಾರಾಯ್ರೇ" ಎನ್ನುತ್ತದೆ. ದಾರಿಯಲ್ಲಿ ಹೋಗುವ ಆಟೋದವರನ್ನು ನಿಲ್ಲಿಸಿ ಓದಿಸಿ. ಅವರು ತಡವರಿಸಿದ ಕಡೆ ಸೀಮೆಸುಣ್ಣದಲ್ಲೇ ತಿದ್ದಿ, ನಂತರ ಬ್ರಷ್ ಹಿಡಿಯಿರಿ.