ಟೈಟ್ರೇಷನ್‌ನ ಗುಲಾಬಿ ಬಣ್ಣವನ್ನು ಕಿವಿಯಿಂದ ಹಿಡಿಯುವುದು

ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಟೈಟ್ರೇಷನ್‌ನಲ್ಲಿ ಬಣ್ಣದ ಸೂಚಕ ಫಿನಾಲ್ಫ್ತಲೀನ್ ಗುಲಾಬಿಯಾದಾಗ ‘ಬಂತು, ನಿಲ್ಲಿಸು’ ಎಂದು ಪಕ್ಕದವರು ಕೂಗಿದರೆ ಪ್ರಯೋಗ ಮಾಡಿದ್ದು ಪಕ್ಕದವರು, ಅಂಧ ವಿದ್ಯಾರ್ಥಿಯಲ್ಲ. ಬಣ್ಣವನ್ನು ಸ್ವರವಾಗಿಸುವ ಪುಟ್ಟ ಸರ್ಕ್ಯೂಟ್ ಇದ್ದರೆ ಆ ‘ಬಂತು’ ವಿದ್ಯಾರ್ಥಿಯ ಬಾಯಿಂದಲೇ ಬರುತ್ತದೆ.

ಬೇಕಾದದ್ದು: ಸ್ವರ ಹುಟ್ಟಿಸುವ 555 ಟೈಮರ್ ಐಸಿ, ಎಲ್‌ಡಿಆರ್ (ಬೆಳಕು ಹೆಚ್ಚಿದಷ್ಟೂ ರೋಧ ಇಳಿಯುವ ರೆಸಿಸ್ಟರ್), 1 ಕಿಲೋಓಮ್ ರೆಸಿಸ್ಟರ್ ಎರಡು, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಸ್ವರ ಕೇಳಿಸುವ ಪೀಜೋ ಡಿಸ್ಕ್, ಹಸಿರು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ಬ್ಯಾಟರಿ ತಾಗಿಸಿದ ಕೂಡಲೇ ಕಿರುಚುವ ಬಜರ್ ಮಾತ್ರ ತರಬೇಡಿ. ಅದಕ್ಕೆ ಬರುವುದು ಒಂದೇ ಸ್ವರ.

ಐಸಿಯ 1ನೇ ಪಿನ್ ಮೈನಸ್‌ಗೆ, 4 ಮತ್ತು 8 ಪ್ಲಸ್‌ಗೆ. 2 ಮತ್ತು 6ನ್ನು ಒಟ್ಟಿಗೆ ಸೇರಿಸಿ, ಅಲ್ಲಿಂದ ಮೈನಸ್‌ಗೆ ಕೆಪಾಸಿಟರ್. 8 ಮತ್ತು 7ರ ನಡುವೆ ರೆಸಿಸ್ಟರ್, 7 ಮತ್ತು 6ರ ನಡುವೆ ಎಲ್‌ಡಿಆರ್, 3ರಿಂದ ಮೈನಸ್‌ಗೆ ಪೀಜೋ. ಇನ್ನೊಂದು ರೆಸಿಸ್ಟರ್ ಎಲ್‌ಇಡಿಯ ಜೊತೆ ಸರಣಿಯಲ್ಲಿ, ಪ್ಲಸ್‌ನಿಂದ ಮೈನಸ್‌ಗೆ. ಬೆಳಕು ಬಿದ್ದು ಎಲ್‌ಡಿಆರ್ 5 ಕಿಲೋಓಮ್‌ಗೆ ಇಳಿದರೆ ಸುಮಾರು 1,300 ಹರ್ಟ್ಜ್. ಮಬ್ಬಾಗಿ 20ಕ್ಕೆ ಏರಿದರೆ ಸುಮಾರು 350.

ಎಲ್‌ಇಡಿ ಹಸಿರೇ ಆಗಿರಬೇಕು. ಗುಲಾಬಿ ದ್ರಾವಣ ನುಂಗುವುದು ಹಸಿರು ಬೆಳಕನ್ನು. ಕೆಂಪು ಎಲ್‌ಇಡಿ ಹಾಕಿದರೆ ಬೆಳಕು ಸಲೀಸಾಗಿ ದಾಟಿಹೋಗುತ್ತದೆ, ಸ್ವರ ಅಲುಗುವುದೇ ಇಲ್ಲ. ಆಗ ಎಲ್ಲರೂ ಸರ್ಕ್ಯೂಟನ್ನು ಬೈಯುತ್ತಾರೆ!

50 ಮಿಲಿ ಬೀಕರ್‌ಗೆ ಕಪ್ಪು ಕಾಗದ ಸುತ್ತಿ, ತಳದಿಂದ 1.5 ಸೆಂಮೀ ಎತ್ತರದಲ್ಲಿ ಕಾಗದದಲ್ಲಿ ಎದುರುಬದುರು ಎರಡು ತೂತು ಮಾಡಿ: ಒಂದಕ್ಕೆ ಎಲ್‌ಇಡಿ, ಇನ್ನೊಂದಕ್ಕೆ ಎಲ್‌ಡಿಆರ್. ಮೇಲೂ ಕಪ್ಪು ಮುಚ್ಚಳ ಬೇಕು, ಇಲ್ಲವಾದರೆ ಟ್ಯೂಬ್‌ಲೈಟಿನ ಮಿನುಗು ಒಳನುಗ್ಗಿ ಸ್ವರ ಗೊರಗೊರ ಎನ್ನುತ್ತದೆ. 10 ಮಿಲಿ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ 20 ಮಿಲಿ ಡಿಸ್ಟಿಲ್ಡ್ ನೀರು ಸೇರಿಸಿ. ಆಮ್ಲದ ಪ್ರಮಾಣ ಬದಲಾಗುವುದಿಲ್ಲ, ಮಟ್ಟ ಮಾತ್ರ ತೂತುಗಳಿಗಿಂತ ಮೇಲೇರುತ್ತದೆ. ಸೂಚಕ 6 ಹನಿ, ಪ್ರತಿ ಸಲವೂ ಅಷ್ಟೇ.

ಕ್ಷಾರ ಹನಿಸಲು ಬ್ಯೂರೆಟ್ ಬದಲು 10 ಮಿಲಿ ಸಿರಿಂಜ್. ಪ್ಲಂಜರಿನ ಮೇಲೆ ಮಿಲಿಗೊಂದರಂತೆ ಅರದಿಂದ ಕಚ್ಚು ಕೊರೆದರೆ ಉಗುರಿಗೆ ಸಿಗುತ್ತದೆ. ಒಂದು ಮಿಲಿಗೆ ಎಷ್ಟು ಹನಿ ಎಂಬುದನ್ನು ನೀರಿನಲ್ಲಿ ವಿದ್ಯಾರ್ಥಿಯೇ ಮೊದಲು ಎಣಿಸಿಟ್ಟುಕೊಳ್ಳಲಿ.

0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹನಿ ಬಿದ್ದಾಗ ಸ್ವರ ಒಮ್ಮೆ ಕುಸಿದು, ದ್ರಾವಣ ಕಲೆತಂತೆ ಮತ್ತೆ ಮೇಲೇರುತ್ತದೆ. ಅಂತ್ಯಬಿಂದು, ಅಂದರೆ ಗುಲಾಬಿ ಬಣ್ಣ ಉಳಿದುಬಿಡುವ ಘಟ್ಟ, ಹತ್ತಿರವಾದಷ್ಟೂ ಮೇಲೇರಲು ತಡಮಾಡುತ್ತದೆ. ಕುಸಿದ ಸ್ವರ 30 ಸೆಕೆಂಡ್ ಅಲ್ಲೇ ನಿಂತರೆ ಮುಗಿಯಿತು. ಮ್ಯಾಗ್ನೆಟಿಕ್ ಸ್ಟಿರರ್ ನಿಧಾನವಾಗಿ ತಿರುಗಲಿ. ಜೋರಾದರೆ ಗುಳ್ಳೆಗಳು ಬೆಳಕಿಗೆ ಅಡ್ಡ ಬಂದು ಸ್ವರ ನಡುಗುತ್ತದೆ.

ಕಿವಿಗೊಡುವವರು ಸಹಜವಾಗಿ ಬೀಕರ್ ಮೇಲೆ ಬಾಗುತ್ತಾರೆ, ಹಾಗಾಗಿ ಪೀಜೋಗೆ ಅರ್ಧ ಮೀಟರ್ ವೈರ್ ಕೊಡಿ. ಕಾಣದ ಕಣ್ಣಿಗೂ ಗಾಗಲ್ಸ್ ಬೇಕು. ಕ್ಷಾರ ಸಿಡಿದರೆ ಅದೂ ಸುಡುತ್ತದೆ.

ಪಿಯುಸಿಯ ಪರ್ಮಾಂಗನೇಟ್ ಟೈಟ್ರೇಷನ್‌ಗೂ ಇದೇ ಹಸಿರು ಎಲ್‌ಇಡಿ ಸಾಕು, ಅದರ ನೇರಳೆಯೂ ಹಸಿರನ್ನೇ ನುಂಗುತ್ತದೆ. ಆಯ್ಕೆ ಇದ್ದರೆ ಆಕ್ಸಾಲಿಕ್ ಆಮ್ಲ ಬಿಟ್ಟು ಮೋರ್ಸ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) ಕೊಡಿ. ಅದನ್ನು ಬಿಸಿ ಮಾಡಬೇಕಿಲ್ಲ.