ಕೈಲೆಕ್ಕದಲ್ಲಿ ಅವಿಭಾಜ್ಯ ಅಪವರ್ತನ: ನಾನು ಅನುಸರಿಸುವ ಕ್ರಮ

86,229 ಅನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಬೇಕು ಅಂತಿಟ್ಟುಕೊಳ್ಳಿ. ನಾನು ಏಕಾಏಕಿ ಭಾಗಾಕಾರ ಶುರು ಮಾಡುವುದಿಲ್ಲ, ಮೊದಲು ಅಂಕಿಗಳನ್ನು ನೋಡುತ್ತೇನೆ. ಬಿಡಿ ಸ್ಥಾನದಲ್ಲಿ 9 ಇದೆ, ಹಾಗಾಗಿ 2 ಮತ್ತು 5ರ ಗೊಡವೆಯಿಲ್ಲ. ಅಂಕಿಗಳ ಮೊತ್ತ 27, ಅಂದರೆ 9ರಿಂದ ಭಾಗವಾಗುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ: ಮೊತ್ತ 27 ಬಂತೆಂದು ಸಂಖ್ಯೆಯನ್ನೇ 27ರಿಂದ ಭಾಗಿಸಲು ಹೋಗುತ್ತಾರೆ. 10, 100, 1000 ಯಾವುದನ್ನು 9ರಿಂದ ಭಾಗಿಸಿದರೂ ಶೇಷ 1. ಆದ್ದರಿಂದಲೇ ಮೊತ್ತದ ಪರೀಕ್ಷೆ 3ಕ್ಕೂ 9ಕ್ಕೂ ನಡೆಯುತ್ತದೆ, 27ಕ್ಕೆ ನಡೆಯುವುದಿಲ್ಲ. 9ರಿಂದ ಭಾಗಿಸಿದರೆ 9,581. ಇದರ ಮೊತ್ತ 23, ಅಲ್ಲಿಗೆ 3ರ ಕೆಲಸ ಮುಗಿಯಿತು.

7, 11, 13 ಇವನ್ನು ಬೇರೆ ಬೇರೆಯಾಗಿ ಪರೀಕ್ಷಿಸುವುದು ದಂಡ. 7×11×13 = 1001 ಆಗಿರುವುದರಿಂದ ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿ ಮುಂದಿನದನ್ನು ಕಳೆದರೆ ಸಾಕು. 581 − 9 = 572. ಇದು 11×52, 13×44 ಕೂಡ ಹೌದು. 7ರಿಂದ ಭಾಗಿಸಿದರೆ ಶೇಷ 5. ಒಂದೇ ಕಳೆಯುವ ಲೆಕ್ಕದಲ್ಲಿ ಮೂರಕ್ಕೂ ಉತ್ತರ ಸಿಕ್ಕಿತು. 11×13 = 143, ಹಾಗಾಗಿ 9,581 ÷ 143 = 67.

67 ಅವಿಭಾಜ್ಯವೇ? ಒಡೆಯುವ ಸಂಖ್ಯೆಯಾದರೆ ಅದರ ವರ್ಗಮೂಲದೊಳಗೇ ಒಂದು ಅವಿಭಾಜ್ಯ ಅಪವರ್ತನ ಸಿಗಬೇಕು, ಅದಕ್ಕೇ ಪರೀಕ್ಷೆಗೆ ವರ್ಗಮೂಲವೇ ಮಿತಿ. 67ರ ವರ್ಗಮೂಲ 8ಕ್ಕಿಂತ ತುಸು ಹೆಚ್ಚು. 2, 3, 5, 7 ಆಗಲೇ ಹೋಗಿವೆ. ಹಾಗಾಗಿ ಹೌದು. ಈ ಮಿತಿಯನ್ನು ಪ್ರತಿ ಭಾಗಲಬ್ಧಕ್ಕೂ ಹೊಸದಾಗಿ ಹಾಕಿಕೊಳ್ಳಬೇಕು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಶುರುವಿನಲ್ಲಿ ಮಿತಿ 293 ಇತ್ತು, 9 ಹೋದ ಮೇಲೆ 97ಕ್ಕೆ ಇಳಿಯಿತು, ಕೊನೆಗೆ 8. ಹಳೆಯ ಮಿತಿಯನ್ನೇ ಹಿಡಿದು ಕೂತರೆ 293ರವರೆಗಿನ 62 ಅವಿಭಾಜ್ಯಗಳನ್ನೂ ಸುಮ್ಮನೆ ತಡಕಬೇಕಾಗುತ್ತದೆ.

ಸಣ್ಣ ಅಪವರ್ತನವೇ ಇಲ್ಲದ ಸಂಖ್ಯೆ ಸಿಕ್ಕರೆ ದಾರಿ ಬದಲಿಸುತ್ತೇನೆ. 5,963 ತೆಗೆದುಕೊಳ್ಳಿ. 2ರಿಂದ ಹಿಡಿದು ಒಂದೊಂದಾಗಿ ಭಾಗಿಸುತ್ತಾ ಹೋದರೆ 19ನೆಯ ಅವಿಭಾಜ್ಯಕ್ಕೆ ದಕ್ಕುತ್ತದೆ. ಅದರ ಬದಲು, ವರ್ಗಮೂಲದ ಮೇಲಿನ ಮೊದಲ ಪೂರ್ಣಾಂಕ 78 ಹಿಡಿಯಿರಿ: 6,084 − 5,963 = 121, ಅಂದರೆ 11ರ ವರ್ಗ. ಉತ್ತರ (78−11)(78+11), ಅಂದರೆ 67×89. ಇದು ಫ್ರೆಂಚ್ ಗಣಿತಜ್ಞ ಫರ್ಮಾ ಕೊಟ್ಟ ಉಪಾಯ. ವ್ಯತ್ಯಾಸ ಪೂರ್ಣ ವರ್ಗ ಆಗದಿದ್ದರೆ 79, 80 ಎಂದು ಮುಂದೆ ಹೋಗಬೇಕು. ವ್ಯತ್ಯಾಸದ ಕೊನೆಯಲ್ಲಿ 2, 3, 7, 8 ಬಂದರೆ ವರ್ಗಮೂಲ ಹುಡುಕುವುದೇ ಬೇಡ. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರಷ್ಟೇ ಇದು ಬೇಗ ಮುಗಿಯುತ್ತದೆ, ಹಾಗಾಗಿ ನಾಲ್ಕೈದು ಹೆಜ್ಜೆಗೆ ಬಗ್ಗದಿದ್ದರೆ ಮತ್ತೆ ಭಾಗಾಕಾರಕ್ಕೆ ಮರಳುತ್ತೇನೆ.

91, 119, 133, 221, 247, 323, 391, 437 ಇವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. ನೋಡಲು ಥೇಟ್ ಅವಿಭಾಜ್ಯದ ಹಾಗೇ ಇರುತ್ತವೆ, ಅಲ್ಲ.

ಕೊನೆಗೆ 9×11×13×67 ಅನ್ನು ಪೂರ್ತಿ ಗುಣಿಸಿ ನೋಡುತ್ತೇನೆ. ಅಂಕಿಗಳ ಮೊತ್ತ ತಾಳೆ ಹಾಕಿದರೆ ಸಾಲದು: 9,581 ಬರೆಯುವಲ್ಲಿ 9,851 ಎಂದು ಅದಲುಬದಲಾದರೂ ಮೊತ್ತ 23 ಆಗಿಯೇ ಇರುತ್ತದೆ.